ಗಬ್ಬದ ಕುದುರೆ ಕೊಳ್ಳುವ ಮುಂಚೆ ಅದರ ಹಳೆಯ ಮರಿಗಳನ್ನು ನೋಡಿ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆ ಕಾರಟಗಿ ಹತ್ತಿರದ ರೈತ. ಮದುವೆ ಮೆರವಣಿಗೆಗೆ ಅಂತ ಎರಡು ಗಂಡು ಕುದುರೆ ಸಾಕಿದ್ದೇನೆ. ಈಗ ಮನೆಯಲ್ಲೇ ಮರಿ ಮಾಡಿಸಬೇಕೆಂದು ಹೆಣ್ಣು ಕುದುರೆ ಹುಡುಕುತ್ತಿದ್ದೇನೆ. ಮೂರು ಕಡೆ ಮಾತು ಬಂದಿದೆ. ಒಂದು, ಗಂಗಾವತಿ ಕಡೆ ದಲಾಲಿಯೊಬ್ಬರು ತೋರಿಸಿದ, ರಾಜಸ್ಥಾನದ ಮಾರ್ವಾರಿ ತಳಿಯ ಹೆಣ್ಣು. 6 ವರ್ಷ, 5 ತಿಂಗಳ ಗಬ್ಬ ಅನ್ನುತ್ತಾರೆ. 2.5 ಲಕ್ಷ ಕೇಳುತ್ತಾರೆ. ಎರಡು, ಬಳ್ಳಾರಿಯಲ್ಲಿ ರೇಸ್ ಬಿಟ್ಟು ಬಂದ ಹೆಣ್ಣು, 70 ಸಾವಿರ. ಮೂರು, ಮಾನ್ವಿ ಹತ್ತಿರದ ಹಳ್ಳಿಯಲ್ಲಿ 11 ವರ್ಷದ ನಾಟಿ ಕುದುರೆ. ಜೊತೆಗೆ 3 ತಿಂಗಳ ಮರಿ ಇದೆ. ಎರಡೂ ಸೇರಿ 1 ಲಕ್ಷ. ಯಾವುದು ತಗೊಳ್ಳಲಿ? ಏನೇನು ನೋಡಬೇಕು? ಸಹಾಯಧನ ಸಿಗುತ್ತದಾ? ಬೀಜದ ಕುದುರೆಯನ್ನೂ ಕೊಳ್ಳಬೇಕಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನಾನಾಗಿದ್ದರೆ ಮಾನ್ವಿಯ ಕುದುರೆಯನ್ನು ಮೊದಲು ನೋಡಲು ಹೋಗುತ್ತಿದ್ದೆ. ಗಂಗಾವತಿಯದಕ್ಕೆ ಪರೀಕ್ಷೆ ಮುಗಿಯುವವರೆಗೆ ಒಂದು ರೂಪಾಯಿ ಸಂಚಕಾರ ಕೂಡ ಕೊಡುತ್ತಿರಲಿಲ್ಲ. ಬಳ್ಳಾರಿಯದನ್ನು ಕೈಬಿಡುತ್ತಿದ್ದೆ, ಇನ್ನೂ ಇಪ್ಪತ್ತು ಸಾವಿರ ಇಳಿಸಿದರೂ ಸರಿ. ಇದನ್ನು ಓದಿ ನಿಮಗೆ ಬೇಜಾರಾಗಬಹುದು. ಪತ್ರ ಓದಿದರೆ ನಿಮ್ಮ ಮನಸ್ಸು ಮಾರ್ವಾರಿಯ ಮೇಲಿದೆ ಅಂತ ಗೊತ್ತಾಗುತ್ತದೆ. ಅದಕ್ಕೇ ಕಾರಣಗಳನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸವಾರಿಗೆ ಕುದುರೆ ಕೊಳ್ಳುವಾಗ ಕಾಲು, ಬೆನ್ನು, ನಡಿಗೆ, ಗುಣ ನೋಡಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಮರಿಗಾಗಿ ಕೊಳ್ಳುವಾಗ ಹಾಗಲ್ಲ. ನಿಮಗೆ ಬೇಕಾದ್ದು ಗರ್ಭಕೋಶದ ಆರೋಗ್ಯ. ಅದು ಮೈ ಬಣ್ಣದಲ್ಲಾಗಲಿ, ಕತ್ತಿನ ಬಾಗಿನಲ್ಲಾಗಲಿ ಕಾಣುವುದಿಲ್ಲ. ಹಾಗಾಗಿ ಸಾಕ್ಷಿ ಹುಡುಕಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ಆ ಕುದುರೆ ಈಗಾಗಲೇ ಹಾಕಿರುವ ಮರಿಗಳು. ಅವು ಎಲ್ಲಿವೆ, ಯಾರ ಮನೆಯಲ್ಲಿವೆ, ಎಷ್ಟು ಎತ್ತರ ಬೆಳೆದಿವೆ, ಯಾರಾದರೂ ದುಡ್ಡು ಕೊಟ್ಟು ಒಯ್ದಿದ್ದಾರಾ? ಹತ್ತಿರದ ಊರಲ್ಲಿ ಕೊಳ್ಳುವುದರ ದೊಡ್ಡ ಲಾಭ ಇದೇ. ರಾಜಸ್ಥಾನದ ಪುಷ್ಕರದಲ್ಲೋ ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಯಲ್ಲೋ ಕೊಂಡರೆ ಮಾರುವವರು ಹೇಳಿದ್ದನ್ನೇ ನಂಬಬೇಕು. ಮಾನ್ವಿಯ ಕುದುರೆಯ ಬಗ್ಗೆ ಹಾಗಿಲ್ಲ. ಬೈಕ್ ಹತ್ತಿ ಸುತ್ತಿದರೆ ಒಂದೇ ದಿನದಲ್ಲಿ ಅದರ ಇಡೀ ಚರಿತ್ರೆ ಸಿಗುತ್ತದೆ.

ಯಾರನ್ನು ಕೇಳಬೇಕು? ಮಾಲೀಕರನ್ನು ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಲಾಳ ಕಟ್ಟುವವರನ್ನು ಕೇಳಿ. ಅವರಿಗೆ ಸುತ್ತಲಿನ ಎಲ್ಲ ಕುದುರೆಗಳ ಕಾಲೂ ಗೊತ್ತು, ಮನೆಯ ಸುದ್ದಿಯೂ ಗೊತ್ತು. ಅದಕ್ಕೆ ಹಾರಿಸಿದ ಗಂಡು ಕುದುರೆಯ ಮಾಲೀಕರನ್ನು ಕೇಳಿ. ಎಷ್ಟು ಸಲ ಹಾರಿಸಿದ ಮೇಲೆ ಕಟ್ಟಿತು ಅಂತ ಅವರಿಗೆ ನೆನಪಿರುತ್ತದೆ, ಯಾಕೆಂದರೆ ಪ್ರತಿ ಸಲವೂ ಅವರಿಗೆ ತಾಪತ್ರಯ. ಊರಿನ ಪಶು ಆಸ್ಪತ್ರೆಯಲ್ಲೂ ವಿಚಾರಿಸಿ. ಮರಿ ಹಾಕುವಾಗ ತೊಂದರೆ ಆಗಿತ್ತಾ, ಗಬ್ಬ ಇಳಿದಿತ್ತಾ, ಮಾಸು (ಮರಿಯ ಹಿಂದೆ ಹೊರಬೀಳುವ ಪೊರೆ) ಎಷ್ಟು ಹೊತ್ತಿಗೆ ಬಿತ್ತು ಅಂತ ಕೇಳಿ.

ಈ ಮಾಸಿನ ವಿಷಯದಲ್ಲಿ ನಮ್ಮ ರೈತರು ಎಡವುತ್ತಾರೆ. ಆಕಳು, ಎಮ್ಮೆ ಸಾಕಿದವರಿಗೆ ಮಾಸು ಬೀಳಲು ಅರ್ಧ ದಿನ ಆದರೂ ಗಾಬರಿ ಇರುವುದಿಲ್ಲ. ಕುದುರೆಗೆ ಆ ಲೆಕ್ಕ ನಡೆಯುವುದಿಲ್ಲ. 3 ಗಂಟೆಯೊಳಗೆ ಬೀಳಬೇಕು. ಒಳಗೇ ಉಳಿದರೆ ಗರ್ಭಕೋಶ ಕೊಳೆಯುತ್ತದೆ, ನಂಜು ಮೈಗೇರುತ್ತದೆ, ಗೊರಸಿನೊಳಗೆ ಉರಿಯೂತ ಬಂದು ಕುದುರೆ ನಿಲ್ಲಲಾರದ ಸ್ಥಿತಿಗೆ ಹೋಗುತ್ತದೆ. ಬದುಕಿದರೂ ಮುಂದಿನ ಗಬ್ಬ ಕಟ್ಟುವುದು ಕಷ್ಟ. ಮಾಲೀಕರು ಯಾವ ಅನುಮಾನವೂ ಇಲ್ಲದೆ ‘ಮರುದಿನ ಬಿತ್ತು, ಏನೂ ಆಗಲಿಲ್ಲ’ ಅಂತ ಹೇಳಿಬಿಡುತ್ತಾರೆ. ನಿಮ್ಮ ಕಿವಿ ನೆಟ್ಟಗಾಗಬೇಕಾದ್ದು ಆ ಮಾತಿಗೆ.

ವರ್ಷದ ಲೆಕ್ಕವನ್ನೂ ಹಾಕಿ ನೋಡಿ. ಕುದುರೆ ಗಬ್ಬ ಹೊರುವುದು ಸುಮಾರು 11 ತಿಂಗಳು, ಅಂದರೆ 340 ದಿನದ ಆಸುಪಾಸು. ಮರಿ ಹಾಕಿ 7ರಿಂದ 12 ದಿನದೊಳಗೆ ಮತ್ತೆ ಬೆದೆಗೆ ಬರುತ್ತದೆ. ಆಮೇಲೆ ಸುಮಾರು 21 ದಿನಕ್ಕೊಮ್ಮೆ. ಹಾಗಾಗಿ ವರ್ಷಕ್ಕೊಂದು ಮರಿ ಸಾಧ್ಯ, ಆದರೆ ಎಲ್ಲ ಕುದುರೆಗೂ, ಎಲ್ಲ ವರ್ಷವೂ ಆಗುವುದಿಲ್ಲ. ಹಳ್ಳಿಯಲ್ಲಿ ಕೆಲಸ ಮಾಡಿಕೊಂಡಿರುವ 11 ವರ್ಷದ ಹೆಣ್ಣು ಮೂರು ನಾಲ್ಕು ಮರಿ ಹಾಕಿದ್ದರೆ ನನ್ನ ಪ್ರಕಾರ ಬಹಳ ಒಳ್ಳೆಯದು. ಒಂದೇ ಮರಿ ಹಾಕಿ, ನಡುವೆ ಐದಾರು ವರ್ಷ ಖಾಲಿ ಇದ್ದರೆ ಕಾರಣ ಕೇಳಿ. ‘ಗಂಡೇ ಕೊಡಿಸಲಿಲ್ಲ’ ಅಂದರೆ ಸರಿ, ನಮ್ಮ ಕಡೆ ಒಳ್ಳೆಯ ಗಂಡು ಸಿಗುವುದೇ ಅಪರೂಪ. ‘ಕೊಡಿಸಿದೆವು, ನಿಲ್ಲಲಿಲ್ಲ’ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

11 ವರ್ಷ ಅಂದರೆ ಮುದಿ ಅಂತ ಹೆದರಬೇಡಿ. ಚೆನ್ನಾಗಿ ನೋಡಿಕೊಂಡರೆ 15 ವರ್ಷದವರೆಗೂ ಗಬ್ಬ ಕಟ್ಟುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ನಾಲ್ಕು ಮರಿ ಹಾಕಿದ 11 ವರ್ಷದ ತಾಯಿಗಿಂತ ಒಮ್ಮೆಯೂ ಗಬ್ಬ ಕಟ್ಟದ 11 ವರ್ಷದ ಹೆಣ್ಣು ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ.

ಮಾನ್ವಿಗೆ ಹೋದಾಗ ಒಂದು ಕೆಲಸ ತಪ್ಪದೇ ಮಾಡಿ. ಮರಿ ಹಾಲು ಕುಡಿಯುವುದನ್ನು ಕಣ್ಣಾರೆ ನೋಡಿ. ಸುಮ್ನೆ ಪಕ್ಕದಲ್ಲಿ ಕಟ್ಟಿದ ಮರಿಯನ್ನು ‘ಇದರದೇ’ ಅನ್ನುವುದು ಹಳೆಯ ಉಪಾಯ. ಕುದುರೆ ಬೇರೆಯದರ ಮರಿಯನ್ನು ಕೆಚ್ಚಲ ಹತ್ತಿರ ಬಿಟ್ಟುಕೊಳ್ಳುವುದು ಬಹಳ ಅಪರೂಪ. ಕಿವಿ ಹಿಂದಕ್ಕೆ ಮಡಚಿ ಒದೆಯುತ್ತದೆ. ಮರಿಯನ್ನು ಒಂದು ಗಂಟೆ ಬೇರೆ ಕಟ್ಟಿ, ಆಮೇಲೆ ಬಿಟ್ಟು ನೋಡಿ. ತಾಯಿ ಕರೆದು, ಮೂಸಿ, ಹಾಲಿಗೆ ನಿಂತರೆ ಒಂದು ಅನುಮಾನ ಮುಗಿಯಿತು. ಜೊತೆಗೆ ಇನ್ನೊಂದು ಕೇಳಿ: ಮರಿ ಹಾಕಿದ ಮೇಲೆ ಗಂಡು ಕೊಡಿಸಿದ್ದಾರಾ? ಕೊಡಿಸಿ ನಿಂತಿದ್ದರೆ ನಿಮಗೆ ಒಂದೇ ಬೆಲೆಗೆ ಮೂರು ಜೀವ ಬಂದ ಹಾಗೆ. ಮಾಲೀಕರಿಗೇ ಅದು ಗೊತ್ತಿಲ್ಲದಿರಬಹುದು.

ಈಗ ಗಂಗಾವತಿಯ ಮಾರ್ವಾರಿ. ಅದರ ಬಗ್ಗೆ ನಿಮಗೆ ಹೇಳಿರುವುದು ಮೂರು ಮಾತು: 6 ವರ್ಷ, 5 ತಿಂಗಳ ಗಬ್ಬ, ಮಾರ್ವಾರಿ. ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ವಯಸ್ಸು ಹಲ್ಲಿನಲ್ಲಿದೆ. ಕೆಳದವಡೆಯ ಮುಂದಿನ ಆರು ಹಲ್ಲು ನೋಡಿ. ನಡುವಿನ ಜೋಡಿ ಎರಡೂವರೆ ವರ್ಷಕ್ಕೆ, ಪಕ್ಕದ ಜೋಡಿ ಮೂರೂವರೆಗೆ, ಮೂಲೆಯ ಜೋಡಿ ನಾಲ್ಕೂವರೆಗೆ ಹುಟ್ಟುತ್ತವೆ. 5 ವರ್ಷಕ್ಕೆ ಬಾಯಿ ತುಂಬಿತು. ಹೊಸ ಹಲ್ಲಿನ ತುದಿಯಲ್ಲಿ ಕಪ್ಪು ಗುಳಿ ಇರುತ್ತದೆ. ತಿಂದು ತಿಂದು ಅದು ಸವೆಯುತ್ತದೆ. ಕೆಳಗಿನ ನಡುವಿನ ಜೋಡಿಯಲ್ಲಿ 6 ವರ್ಷಕ್ಕೆ, ಪಕ್ಕದ್ದರಲ್ಲಿ 7ಕ್ಕೆ, ಮೂಲೆಯಲ್ಲಿ 8ಕ್ಕೆ ಗುಳಿ ಮಾಯ. ಹಾಗಾದರೆ ನಿಮ್ಮ ಮಾರ್ವಾರಿಗೆ ನಿಜಕ್ಕೂ 6 ಆಗಿದ್ದರೆ ಮೂಲೆಯ ಹಲ್ಲಿನಲ್ಲಿ ಗುಳಿ ಚೆನ್ನಾಗಿಯೇ ಕಾಣಬೇಕು. ಆರೂ ಹಲ್ಲು ನುಣ್ಣಗಿದ್ದರೆ 8 ದಾಟಿದೆ. ಆಮೇಲೆ ಮೇಲ್ದವಡೆಯ ಮೂಲೆ ಹಲ್ಲಿನ ಹೊರಮೈ ನೋಡಿ. ವಸಡಿನ ಹತ್ತಿರ ಒಂದು ಕಂದು ಗೀರು ಶುರುವಾಗುವುದು ಸುಮಾರು 10 ವರ್ಷಕ್ಕೆ. ಅರ್ಧ ಹಲ್ಲಿಗೆ ಇಳಿದಿದ್ದರೆ 15, ತುದಿ ಮುಟ್ಟಿದ್ದರೆ 20. ಬಾಯಿಯನ್ನು ಪಕ್ಕದಿಂದಲೂ ನೋಡಿ. ಎಳೆಯ ಕುದುರೆಯ ಮೇಲಿನ ಕೆಳಗಿನ ಹಲ್ಲು ನೆಟ್ಟಗೆ ಕೂಡುತ್ತವೆ. ವಯಸ್ಸಾದಂತೆ ಮುಂದಕ್ಕೆ ಚಾಚುತ್ತವೆ.

ಹಲ್ಲಿಗೂ ಮೋಸ ಮಾಡುವವರಿದ್ದಾರೆ. ಸವೆದ ಹಲ್ಲಿನಲ್ಲಿ ಗುಳಿ ಕೊರೆದು ಕಪ್ಪು ತುಂಬುತ್ತಾರೆ. ಆದರೆ ನಿಜವಾದ ಗುಳಿಯ ಸುತ್ತ ಬಿಳಿ ಗಟ್ಟಿ ಪದರದ ಅಂಚು ಇರುತ್ತದೆ. ಕೊರೆದದ್ದಕ್ಕೆ ಆ ಅಂಚು ಇರುವುದಿಲ್ಲ. ಹಲ್ಲಿನ ಆಕಾರವೂ ಸುಳ್ಳು ಹೇಳುವುದಿಲ್ಲ: ಎಳೆಯದರಲ್ಲಿ ತುದಿ ಅಡ್ಡಕ್ಕೆ ಉದ್ದ, ಆಮೇಲೆ ದುಂಡು, ಮುದಿಯದರಲ್ಲಿ ಮೂರು ಮೂಲೆ. 8ರ ತನಕ ಹಲ್ಲಿನ ಲೆಕ್ಕ ಬಹುಮಟ್ಟಿಗೆ ಸರಿ, ಅಲ್ಲಿಂದ ಮುಂದೆ ಅಂದಾಜು. ಮರಳು ನೆಲದಲ್ಲಿ ಮೇದದ್ದು, ಗೋದಲಿ ಕಚ್ಚುವ ಚಟ ಇರುವುದು ಬೇಗ ಸವೆಸಿಕೊಂಡಿರುತ್ತವೆ.

ಎರಡನೆಯ ಮಾತು, ಗಬ್ಬ. ಹೊಟ್ಟೆ ದಪ್ಪ ಇದೆ ಅಂತ ನಂಬಬೇಡಿ. ಬರೀ ಒಣಹುಲ್ಲು ತಿಂದ ಕುದುರೆಯ ಹೊಟ್ಟೆಯೂ ಹಾಗೇ ಇರುತ್ತದೆ, ಹುಳು ತುಂಬಿದ್ದೂ ಹಾಗೇ. 5 ತಿಂಗಳಿಗೆ ಕೆಚ್ಚಲು ಏನೂ ಹೇಳುವುದಿಲ್ಲ, ಅದು ತುಂಬುವುದು ಮರಿ ಹಾಕುವ ಮೂರು ನಾಲ್ಕು ವಾರ ಮುಂಚೆ. ‘ಆಮೇಲೆ ಬೆದೆಗೆ ಬಂದಿಲ್ಲ’ ಅನ್ನುವುದೂ ಸಾಕ್ಷಿ ಅಲ್ಲ. ಉಳಿದಿರುವುದು ಪಶುವೈದ್ಯರ ಕೈ. ಗುದದ್ವಾರದಿಂದ ಕೈ ಹಾಕಿ ನೋಡುವ ಪರೀಕ್ಷೆ, ಜೊತೆಗೆ ಸ್ಕ್ಯಾನಿಂಗ್. ದನಗಳಿಗೆ ಬಳಸುವ ಯಂತ್ರವೇ ಇದಕ್ಕೂ ನಡೆಯುತ್ತದೆ. ಆದರೆ ಕುದುರೆಯ ಕರುಳಿನ ಪದರ ಆಕಳಿನದಕ್ಕಿಂತ ಬಹಳ ನಾಜೂಕು, ಅಜಾಗರೂಕತೆಯಿಂದ ಹರಿದರೆ ಕುದುರೆ ಉಳಿಯುವುದಿಲ್ಲ. ಕುದುರೆಗೆ ಈ ಪರೀಕ್ಷೆ ಮಾಡಿ ಅಭ್ಯಾಸ ಇರುವ ವೈದ್ಯರನ್ನೇ ಕರೆಸಿ, ದೂರದಿಂದ ಬರಬೇಕಾದರೂ ಚಿಂತೆಯಿಲ್ಲ. ಖರ್ಚು ನಿಮ್ಮದೇ ಇರಲಿ. ಮಾರುವವರು ಕರೆಸಿದ ವೈದ್ಯರ ಚೀಟಿ ಬೇಡ.

ರಕ್ತಪರೀಕ್ಷೆಯ ಚೀಟಿ ತೋರಿಸಿದರೆ ಅದರ ತಾರೀಖು ನೋಡಿ. ಗಬ್ಬದ ಸುಮಾರು 40ರಿಂದ 120 ದಿನದ ನಡುವೆ ಕುದುರೆಯ ರಕ್ತದಲ್ಲಿ ಒಂದು ಹಾರ್ಮೋನ್ ಜಾಸ್ತಿ ಇರುತ್ತದೆ. ಅದನ್ನು ನೋಡಿ ಗಬ್ಬ ಅನ್ನುತ್ತಾರೆ. ಆದರೆ ಒಳಗಿನ ಮರಿ ಸತ್ತುಹೋದರೂ ಅದು ಕೆಲವು ವಾರ ಹಾಗೇ ಉಳಿಯುತ್ತದೆ. ಚೀಟಿ ಸುಳ್ಳಲ್ಲ, ಕುದುರೆ ಖಾಲಿ. ಹೀಗೂ ಆಗುತ್ತದೆ.

ಗಬ್ಬ ನಿಜವೇ ಆಗಿದ್ದರೆ ಮುಂದಿನ ಪ್ರಶ್ನೆ: ಯಾವ ಗಂಡಿನಿಂದ? ಆ ಗಂಡು ಕುದುರೆಯನ್ನು ನೋಡಲು ಸಿಗುತ್ತದಾ? ಸಿಗದಿದ್ದರೆ ಹುಟ್ಟುವ ಮರಿಗೆ ನೀವು ಮಾರ್ವಾರಿಯ ಬೆಲೆ ಕೊಡಬಾರದು, ಯಾಕೆಂದರೆ ನಾಳೆ ನಿಮ್ಮ ಹತ್ತಿರ ಕೊಳ್ಳುವವರೂ ಇದೇ ಪ್ರಶ್ನೆ ಕೇಳುತ್ತಾರೆ.

ತಳಿಯ ಮಾತಿಗೆ ಬಂದರೆ, ದಲಾಲಿ ನಿಮಗೆ ತೋರಿಸಿದ್ದು ಕಿವಿ. ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಕಿವಿ ಮಾರ್ವಾರಿಗೂ ಇದೆ, ಗುಜರಾತಿನ ಕಾಠಿಯಾವಾಡಿ ತಳಿಗೂ ಇದೆ, ಅವುಗಳ ಬೆರಕೆಗೂ ಬರುತ್ತದೆ. ಕಿವಿ ನೋಡಿ ತಳಿ ಹೇಳುವುದು, ಮೀಸೆ ನೋಡಿ ಊರು ಹೇಳಿದ ಹಾಗೆ. ಮಾರ್ವಾರಿ ಹಾರ್ಸ್ ಸೊಸೈಟಿಯಲ್ಲಿ ನೋಂದಣಿ ಆಗಿದೆಯಾ, ಕತ್ತಿನಲ್ಲಿ ಮೈಕ್ರೋಚಿಪ್ ಇದೆಯಾ, ಕಾಗದದಲ್ಲಿರುವ ಬಿಳಿ ಗುರುತುಗಳು, ಸುಳಿಗಳು ಈ ಕುದುರೆಯ ಮೈಮೇಲೆ ಕೂಡುತ್ತವಾ ಅಂತ ನೋಡಿ. ಕಾಗದ ಇಲ್ಲದಿದ್ದರೆ ಅದು ಮಾರ್ವಾರಿ ಥರದ ಕುದುರೆ, ಅಷ್ಟೇ. ಒಳ್ಳೆಯದೇ ಇರಬಹುದು, ಆದರೆ 2.5 ಲಕ್ಷಕ್ಕಲ್ಲ.

ನಾಟಿ ಕುದುರೆ ಅಂದರೆ ಕೀಳು ಅನ್ನುವ ಭಾವನೆಯೂ ಬೇಡ. ನಮ್ಮ ಬಿಸಿಲು, ನಮ್ಮ ಕರಿನೆಲ, ನಮ್ಮ ಒಣಮೇವು ಮೂರನ್ನೂ ತಡೆದು ನಿಂತಿರುವ ಪ್ರಾಣಿ ಅದು. ಪಕ್ಕದ ಮಹಾರಾಷ್ಟ್ರದಲ್ಲಿ ಭೀಮಾ ನದಿಯ ದಂಡೆಯಲ್ಲಿ ಕುರಿಗಾರರ ಜೊತೆ ಅಲೆಯುವ ಗಿಡ್ಡ ಕುದುರೆಗೆ ಈಗ ಭೀಮಥಡಿ ಎಂಬ ಹೆಸರಲ್ಲಿ ರಾಷ್ಟ್ರೀಯ ತಳಿಯ ಮಾನ್ಯತೆ ಸಿಕ್ಕಿದೆ. ಅದೇ ಭೀಮಾ ರಾಯಚೂರು ಜಿಲ್ಲೆಯ ಉತ್ತರದ ಅಂಚಿನಲ್ಲಿ ಕೃಷ್ಣೆ ಸೇರುತ್ತದೆ. ಮಾನ್ವಿಯ ಕುದುರೆ ಭೀಮಥಡಿ ಅಂತ ನಾನು ಹೇಳುತ್ತಿಲ್ಲ. ಆದರೆ ದಖನ್ನಿನ ಗಿಡ್ಡ ಕುದುರೆಯ ರಕ್ತಕ್ಕೆ ಬೆಲೆ ಇದೆ. ಎತ್ತರ ಬೇಕಾದರೆ ಒಳ್ಳೆಯ ಗಂಡು ಕೊಡಿಸಿ ಒಂದು ತಲೆಮಾರಿನಲ್ಲಿ ಸ್ವಲ್ಪ ಏರಿಸಿಕೊಳ್ಳಬಹುದು.

ಬಳ್ಳಾರಿಯದನ್ನು ಯಾಕೆ ಬೇಡ ಅಂದೆ? ರೇಸ್ ಕುದುರೆ ಕೆಟ್ಟದ್ದು ಅಂತಲ್ಲ. ಅದು ಎತ್ತರದ, ತೆಳು ಚರ್ಮದ, ಬೇಗ ಬೆಚ್ಚುವ ಪ್ರಾಣಿ. ಜಾಸ್ತಿ ಕಾಳು, ಒಳ್ಳೆಯ ಹುಲ್ಲು ಬೇಕು. 42 ಡಿಗ್ರಿ ಬಿಸಿಲಲ್ಲಿ ತಗಡಿನ ಕೆಳಗೆ ನಿಲ್ಲಿಸಿದರೆ ಸೊರಗುತ್ತದೆ. ನಿಮ್ಮ ಮಾರುಕಟ್ಟೆ ಮದುವೆ ಮೆರವಣಿಗೆ. ಡೊಳ್ಳು, ಪಟಾಕಿ, ಡಿಜೆ ನಡುವೆ ನಿಲ್ಲುವ ಮರಿ ನಿಮಗೆ ಬೇಕು. ಅದರ ಮರಿಯನ್ನು ರೇಸಿಗೂ ಮಾರಲಾಗುವುದಿಲ್ಲ. ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾದಲ್ಲಿ ತಂದೆ ತಾಯಿ ಇಬ್ಬರೂ ಇದ್ದು, ಕ್ರಮಪ್ರಕಾರ ದಾಖಲಾದರೆ ಮಾತ್ರ ಅದು ಥರೋಬ್ರೆಡ್, ಅಂದರೆ ರೇಸಿನ ತಳಿ. ಆದರೂ ನೋಡಲೇಬೇಕು ಅಂದರೆ ಕುದುರೆಯ ಗುರುತಿನ ದಾಖಲೆಯಾದ ಪಾಸ್‌ಪೋರ್ಟ್ ಕೇಳಿ, ನಾಲ್ಕೂ ಗೊರಸು ಮುಟ್ಟಿ ನೋಡಿ. ಓಡಿ ನರ ಎಳೆದುಕೊಂಡ ಕಾಲು ಮರಿ ಹಾಕಲು ಅಡ್ಡಿಯಲ್ಲ. ಗೊರಸಿನ ಉರಿಯೂತ ಅಡ್ಡಿ. ಗಬ್ಬದ ಕೊನೆಯ ತಿಂಗಳುಗಳ ಭಾರವನ್ನು ಆ ಕಾಲು ಹೊರಲಾರದು. ಗೊರಸಿನ ಮೇಲೆ ಬಳೆಯಂಥ ಗೆರೆಗಳು ಒಂದರ ಮೇಲೊಂದು ಇದ್ದು, ಹಿಮ್ಮಡಿ ಕಡೆ ಅಗಲವಾಗುತ್ತಾ ಹೋಗಿದ್ದರೆ ಆ ರೋಗ ಬಂದುಹೋಗಿದೆ.

ಯಾವುದೇ ಹೆಣ್ಣು ಕುದುರೆ ಇರಲಿ, ಹಿಂದೆ ನಿಂತು ಬಾಲ ಎತ್ತಿ ನೋಡುವುದನ್ನು ನಾಚಿಕೆ ಪಟ್ಟುಕೊಂಡು ಬಿಡಬೇಡಿ. ಯೋನಿಯ ತುಟಿಗಳು ನೆಟ್ಟಗೆ ನಿಂತು, ಬಿಗಿಯಾಗಿ ಕೂಡಿರಬೇಕು. ಗುದ ಒಳಕ್ಕೆ ಸರಿದು, ತುಟಿಗಳು ಓರೆಯಾಗಿ ಮಲಗಿದ್ದರೆ ಸಗಣಿ ನೇರವಾಗಿ ಅಲ್ಲಿಗೇ ಬೀಳುತ್ತದೆ. ನಡೆಯುವಾಗ ಗಾಳಿ ಒಳಗೆ ಎಳೆದುಕೊಳ್ಳುವ ಸದ್ದೂ ಕೇಳಬಹುದು. ಅಂಥ ಗರ್ಭಕೋಶಕ್ಕೆ ಸದಾ ಸೋಂಕು. ವೈದ್ಯರು ಹೊಲಿಗೆ ಹಾಕಿ ಸರಿಮಾಡಬಲ್ಲರು, ಆದರೆ ಪ್ರತಿ ಮರಿಗೂ ಬಿಚ್ಚಿ ಹಾಕಬೇಕು. ಬಾಲದ ಕೂದಲಿಗೆ, ತೊಡೆಗೆ ಕೀವು ಒಣಗಿ ಅಂಟಿದೆಯಾ ನೋಡಿ. ತೋರಿಸುವ ದಿನ ಬಾಲ ತೊಳೆದಿರುತ್ತಾರೆ. ಹಾಗಾಗಿ ಹೇಳದೆ ಇನ್ನೊಮ್ಮೆ ಹೋಗಿ. ಬಿಳಿ ಕುದುರೆಯಾಗಿದ್ದರೆ ಬಾಲದ ಕೆಳಗೆ ಕಪ್ಪು ಗಂಟುಗಳಿವೆಯಾ ಮುಟ್ಟಿ ನೋಡಿ, ವಯಸ್ಸಾದ ಬಿಳಿ ಕುದುರೆಗಳಿಗೆ ಅಲ್ಲಿ ಗೆಡ್ಡೆ ಬರುವುದು ಸಾಮಾನ್ಯ.

ಬಿಳಿ ಅಂದ ಕೂಡಲೇ ನೆನಪಾಯಿತು. ಮೆರವಣಿಗೆಗೆ ಬಿಳಿಯೇ ಬೇಕು ಅಲ್ವಾ? ಬಿಳಿಯಲ್ಲಿ ಎರಡು ಥರ. ಕಪ್ಪು ಚರ್ಮದ ಬಿಳಿ, ಅದು ಕಪ್ಪೋ ಕಂದೋ ಆಗಿ ಹುಟ್ಟಿ ವರ್ಷ ಕಳೆದಂತೆ ಬೆಳ್ಳಗಾದದ್ದು. ಇನ್ನೊಂದು ಗುಲಾಬಿ ಚರ್ಮದ ನುಕ್ರಾ, ಹುಟ್ಟುವಾಗಲೇ ಬಿಳಿ. ನಮ್ಮ ಬಿಸಿಲಿಗೆ ನುಕ್ರಾದ ಮೂಗು, ಕಣ್ಣಿನ ಸುತ್ತ ಸುಟ್ಟು ಹುಣ್ಣಾಗುತ್ತದೆ. ಮೊದಲನೆಯ ಥರದ್ದರಲ್ಲಿ ತಾಯಿ ಬಿಳಿ, ತಂದೆ ಬೇರೆ ಬಣ್ಣ ಆದರೆ ಸಾಮಾನ್ಯವಾಗಿ ಬಿಳಿ ಮರಿಯ ಸಾಧ್ಯತೆ ಅರ್ಧಕ್ಕರ್ಧ. ತಂದೆ ತಾಯಿ ಇಬ್ಬರಲ್ಲೂ ಈ ಬಿಳಿ ಇಲ್ಲದಿದ್ದರೆ ಮರಿಗೂ ಬರುವುದಿಲ್ಲ.

ಇನ್ನು ಸುಳಿ. ಕತ್ತಿನ ಮೇಲೆ ದೇವಮಣಿ ಇದ್ದರೆ ಬೆಲೆ ಏರುತ್ತದೆ, ಕಣ್ಣಿನ ಕೆಳಗೆ ಸುಳಿ ಇದ್ದರೆ ಮನೆಗೆ ಕಣ್ಣೀರು ಅಂತ ಬೆಲೆ ಬೀಳುತ್ತದೆ. ನಾಲ್ಕು ಕಾಲು, ಮುಖ ಬೆಳ್ಳಗಿರುವ ಪಂಚಕಲ್ಯಾಣಿಗೆ ಎಲ್ಲರೂ ಕೈಮುಗಿಯುತ್ತಾರೆ. ಗರ್ಭಕೋಶಕ್ಕೂ ಸುಳಿಗೂ ಸಂಬಂಧ ಇಲ್ಲ. ಆದರೆ ಮರಿ ಮಾರುವವರು ನೀವು, ಕೊಳ್ಳುವವರು ನಂಬುತ್ತಾರೆ. ಹಾಗಾಗಿ ಸುಳಿ ಸರಿಯಿಲ್ಲದ, ಮರಿ ಚೆನ್ನಾಗಿ ಹಾಕುವ ತಾಯಿಯನ್ನು ಅಗ್ಗಕ್ಕೆ ಕೊಳ್ಳುವುದು ಜಾಣತನ. ತಾಯಿಯ ಸುಳಿ ಮರಿಯಲ್ಲೂ ಅದೇ ಜಾಗದಲ್ಲಿ ಬರುತ್ತದೆ ಎಂದೇನೂ ಇಲ್ಲ.

ರೋಗದ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಗ್ಲ್ಯಾಂಡರ್ಸ್ ಅನ್ನುವ ರೋಗವಿದೆ. ಮೂಗಿನಲ್ಲಿ ಹುಣ್ಣು, ಅಂಟು ಸಿಂಬಳ, ಕೆಮ್ಮು, ಕಾಲಿನ ಒಳಭಾಗದಲ್ಲಿ ಸಾಲಾಗಿ ಗಂಟು ಎದ್ದು ಒಡೆದು ಕೀವು ಸೋರುತ್ತದೆ. ಕೆಲವು ಕುದುರೆಗಳು ಹೊರಗೆ ಏನೂ ತೋರಿಸದೆ ತಿಂಗಳುಗಟ್ಟಲೆ ರೋಗ ಹೊತ್ತಿರುತ್ತವೆ. ಇದು ಮನುಷ್ಯರಿಗೂ ಅಂಟುತ್ತದೆ, ಜೀವಕ್ಕೇ ಅಪಾಯ. ಲಸಿಕೆ ಇಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ. ಒಂದು ಬಂದರೆ ನಿಮ್ಮ ಎರಡು ಗಂಡು ಕುದುರೆಗಳೂ ಹೋಗಬಹುದು. ಇದರ ಪರೀಕ್ಷೆಗೆ ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರ ಮೂಲಕ ರಕ್ತದ ಮಾದರಿ ಕಳಿಸುವ ವ್ಯವಸ್ಥೆ ಕೇಳಿ. ಅದೇ ಮಾದರಿಯಲ್ಲಿ ಕುದುರೆಯ ಸಾಂಕ್ರಾಮಿಕ ರಕ್ತಹೀನತೆ ಮತ್ತು ಸರ್ರಾ ಎರಡನ್ನೂ ನೋಡಿಸಿ. ರಕ್ತಹೀನತೆಗೆ ಮದ್ದಿಲ್ಲ, ಬದುಕಿರುವಷ್ಟು ದಿನ ಹರಡುತ್ತಿರುತ್ತದೆ. ಸರ್ರಾಕ್ಕೆ ಮದ್ದಿದೆ, ಆದರೆ ಗಬ್ಬ ಇಳಿಸುತ್ತದೆ. ಅದನ್ನು ಹರಡುವುದು ಕಚ್ಚುವ ದೊಡ್ಡ ನೊಣ. ನೀರು, ಕೆಸರಿನ ಆಸರೆ ಇರುವ ಕಡೆ ಆ ನೊಣ ಹುಟ್ಟುತ್ತದೆ. ನೀವಿರುವುದೂ ತುಂಗಭದ್ರಾ ಕಾಲುವೆಯ ಗದ್ದೆಗಳ ನಡುವೆ.

ದಲಾಲಿ ಮೂಲಕ ಬಂದ ಕುದುರೆಗೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಅದು ಮಹಾರಾಷ್ಟ್ರದ ಅಕಲೂಜ್, ನಾಂದೇಡ್ ಹತ್ತಿರದ ಮಾಳೇಗಾಂವ್ ಹೀಗೆ ಎಷ್ಟು ಜಾತ್ರೆಯ ನೀರಿನ ತೊಟ್ಟಿ ಮುಟ್ಟಿ ಬಂದಿದೆಯೋ ಹೇಳಲಾಗದು. ಪರೀಕ್ಷೆ ಸರಿಯಿದ್ದರೂ ತಂದ ಮೇಲೆ ಮೂರು ನಾಲ್ಕು ವಾರ ಬೇರೆ ಕಟ್ಟಿ. ಬಕೆಟ್, ಮೈ ಉಜ್ಜುವ ಬ್ರಷ್, ಲಗಾಮು ಎಲ್ಲ ಬೇರೆ.

ನೋಡಲು ಬೆಳಿಗ್ಗೆ ಬೇಗ ಹೋಗಿ, ಮೇವು ಹಾಕುವ ಮುಂಚೆ. ಕುದುರೆ ಆಗಲೇ ಬೆವರಿದ್ದರೆ ಓಡಿಸಿ ಸುಸ್ತು ಮಾಡಿದ್ದಾರೆ, ತುಂಟತನ ಮುಚ್ಚಿಡಲು. ತಲೆ ಜೋಲುಹಾಕಿ, ತುಟಿ ಇಳಿಬಿಟ್ಟು ನಿಂತಿದ್ದರೆ ಮಂಪರಿನ ಸೂಜಿ ಇರಬಹುದು. ನೋವಿನ ಸೂಜಿ ಕೊಟ್ಟರೆ ಕುಂಟು ಒಂದೆರಡು ದಿನ ಮರೆಯಾಗುತ್ತದೆ, ಅದಕ್ಕೂ ಎರಡನೆಯ ಭೇಟಿಯೇ ಮದ್ದು. ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸುವ ಗತ್ತು ಎತ್ತಿಗೆ ಸರಿ. ಗಬ್ಬದ ಕುದುರೆಗೆ ಬಿಳಿ ಹಾಳೆಯ ಮೇಲೆ ಬರೆದ ಕರಾರು ಬೇಕು.

ವಿಜಯನಗರದ ಕಾಲದಲ್ಲಿ ಕುದುರೆ ವ್ಯಾಪಾರ ಹೇಗಿತ್ತೆಂದು ಒಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟಿದ್ದಾನೆ. ಅವನ ಪ್ರಕಾರ ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದ. ಬಾಲ ತಂದು ತೋರಿಸಿದರೆ ಸಾಕಿತ್ತಂತೆ. ಅವನ ಖಜಾನೆ ಅವನಿಗೆ, ನಮ್ಮದು ನಮಗೆ. ಗಂಗಾವತಿಯದನ್ನೇ ಕೊಳ್ಳುವುದಾದರೆ ಹಣವನ್ನು ಎರಡು ಕಂತು ಮಾಡಿ. ಕಾಗದವಿಲ್ಲದ, ಖಾಲಿ ಹೊಟ್ಟೆಯ ಕುದುರೆಗೆ ಎಷ್ಟು ಬೆಲೆಯೋ ಅಷ್ಟು ಈಗ. ಉಳಿದದ್ದು ಜೀವಂತ ಮರಿ ಎದ್ದು ನಿಂತು ಹಾಲು ಕುಡಿದ ಮೇಲೆ. ಕರಾರಿನಲ್ಲಿ ಕುದುರೆಯ ಗುರುತು, ಹಲ್ಲಿನ ವಯಸ್ಸು, ಗಂಡು ಕೊಡಿಸಿದ ದಿನ, ರಕ್ತಪರೀಕ್ಷೆಯ ಫಲಿತಾಂಶ ಬರೆಸಿ, ನಾಲ್ಕೂ ಕಡೆಯಿಂದ ತೆಗೆದ ಫೋಟೋ ಅಂಟಿಸಿ. ದಲಾಲಿ ಇದಕ್ಕೆ ಒಪ್ಪದಿದ್ದರೆ ಗಬ್ಬದ ಬಗ್ಗೆ ಅವರಿಗೇ ನಂಬಿಕೆ ಇಲ್ಲ ಅಂತಾಯಿತು.

ತಂದ ಮೇಲಿನ ಮೇವಿನ ಬಗ್ಗೆ ನೀವು ಕೇಳಿಲ್ಲ. ಆದರೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಹಸಿ ಜೋಳದ ಮೇವಿಗೆ ಗಬ್ಬದ ಕುದುರೆಯನ್ನು ಬಿಡಬೇಡಿ. ಹಸಿ ಜೋಳ ತಿಂದೇ ಇದ್ದರೆ ಕುದುರೆಗೆ ಮೂತ್ರಕೋಶ ಕೆಡುತ್ತದೆ, ಹಿಂಗಾಲು ಸೋಲುತ್ತದೆ, ಗಬ್ಬ ಇಳಿಯಬಹುದು, ಕಾಲು ಮಡಚಿಕೊಂಡ ಮರಿ ಹುಟ್ಟಬಹುದು. ಚೆನ್ನಾಗಿ ಒಣಗಿದ ಸೊಪ್ಪೆಗೆ ಆ ಭಯ ಬಹಳ ಕಡಿಮೆ. ನೆಲ್ಲು ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ, ಜಾಸ್ತಿಯಾದರೆ ಹೊಟ್ಟೆ ಕಟ್ಟುತ್ತದೆ. ಕಾಲುವೆ ನೀರಿದೆಯಲ್ಲ, ಅರ್ಧ ಎಕರೆ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಹಾಕಿಕೊಳ್ಳಿ. ಕೋಳಿ ಫಾರಂನ ಉಳಿದ ಆಹಾರ ಅಗ್ಗಕ್ಕೆ ಸಿಗುತ್ತದೆ ಅಂತ ತರಲೇಬೇಡಿ. ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕೋಳಿಗೆ ಹಿತ, ಕುದುರೆಗೆ ವಿಷ.

ಸಹಾಯಧನ ಇದೆ. ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಗೆ 2024ರಲ್ಲಿ ಕುದುರೆ, ಕತ್ತೆ, ಒಂಟೆಗಳನ್ನೂ ಸೇರಿಸಿದ್ದಾರೆ. ಬಂಡವಾಳದ ಶೇ. 50ರಷ್ಟು, ಗರಿಷ್ಠ 50 ಲಕ್ಷದವರೆಗೆ. ಆದರೆ ಇದು ಯೋಜನಾ ವರದಿ, ಬ್ಯಾಂಕ್ ಸಾಲ ಅಂತ ಓಡಾಡಿ ಘಟಕ ಕಟ್ಟುವವರಿಗೆ. ಒಂದೆರಡು ಕುದುರೆಗೆ ಅದರ ಹಿಂದೆ ಬೀಳುವುದು ನನಗೆ ಸರಿ ಕಾಣುವುದಿಲ್ಲ. ಎರಡು ಮರಿ ಹುಟ್ಟಿ ಮಾರಾಟವಾದ ಮೇಲೆ ಯೋಚಿಸಿ.

ಸಾಗಿಸುವಾಗ ಪಶುವೈದ್ಯರಿಂದ ಪ್ರಯಾಣಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ ಪಡೆಯಿರಿ. ಪ್ರಾಣಿ ಸಾಗಣೆಯ 1978ರ ನಿಯಮ ಅದನ್ನು ಕೇಳುತ್ತದೆ. ಮಾನ್ವಿಯ ತಾಯಿ ಮರಿಯನ್ನು ಒಂದೇ ಗಾಡಿಯಲ್ಲಿ, ರಾತ್ರಿ ತಂಪಿನಲ್ಲಿ ತನ್ನಿ. ಗಾಡಿಯ ತಳಕ್ಕೆ ಹುಲ್ಲು ಹಾಸಿ.

ಬೀಜದ ಕುದುರೆ ಈಗ ಬೇಡ. ಒಂದೆರಡು ಹೆಣ್ಣಿಗಾಗಿ ಒಂದು ಗಂಡನ್ನು ವರ್ಷಪೂರ್ತಿ ಸಾಕುವುದು ದುಬಾರಿ. ಬೆದೆಯ ಕಾಲದಲ್ಲಿ ಅದನ್ನು ಹಿಡಿಯಲು ಗಟ್ಟಿ ಆಳೂ ಬೇಕು. ಮೊದಲು ನಿಮ್ಮ ಮನೆಯ ಎರಡು ಗಂಡುಗಳನ್ನೇ ನೋಡಿ. ಬೀಜ ಒಡೆಸಿಲ್ಲದಿದ್ದರೆ, ಎರಡೂ ಬೀಜ ಕೆಳಗೆ ಇಳಿದು ಒಂದೇ ಗಾತ್ರದಲ್ಲಿದ್ದರೆ, ಮೇಲಿನ ಹಲ್ಲು ಗಿಳಿ ಮೂಗಿನಂತೆ ಮುಂದಕ್ಕೆ ಚಾಚಿರದಿದ್ದರೆ, ಅವುಗಳಲ್ಲಿ ಗುಣ ಒಳ್ಳೆಯದಿರುವ ಒಂದರ ರಕ್ತಪರೀಕ್ಷೆ ಮಾಡಿಸಿ ಅದನ್ನೇ ಬಳಸಬಹುದು. ಒಂದೇ ಬೀಜ ಕಾಣುತ್ತಿದ್ದರೆ ಬಳಸಬೇಡಿ, ಆ ದೋಷ ಮರಿಗೂ ಇಳಿಯಬಹುದು. ಹೊರಗಿನ ಗಂಡು ಕೊಡಿಸುವುದಾದರೆ ಹಾರಿಸಿದ ದಿನ ಬರೆದಿಟ್ಟುಕೊಳ್ಳಿ. 15ನೇ ದಿನದ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸಿ. ಅವಳಿ ಕಂಡರೆ ಒಂದನ್ನು ತೆಗೆಸಲು ಅದೇ ಸರಿಯಾದ ಸಮಯ. ಕುದುರೆಯಲ್ಲಿ ಅವಳಿ ಹೆಚ್ಚಾಗಿ ಎರಡನ್ನೂ ಕಳೆದುಕೊಳ್ಳುವುದರಲ್ಲೇ ಮುಗಿಯುತ್ತದೆ.